ಚಲುವಮ್ಮನ ಕಾರಿನ ಎರಡನೇ ಕೀ

ಮದ್ದೂರಿನಿಂದ ಬೆಸಗರಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಈಗ ನನಗೆ ಸಿಟ್ಟು ಬರುತ್ತದೆ. ಕಂಡಕ್ಟರ್ ಒಳ್ಳೆಯವನೇ, ಬಸ್ಸೂ ಹೊತ್ತಿಗೆ ಸರಿಯಾಗಿಯೇ ಬರುತ್ತದೆ. ಸಿಟ್ಟು ಬಸ್ಸಿನ ಮೇಲಲ್ಲ. ಚಲುವಮ್ಮನ ಕಾರು ಈ ರಸ್ತೆಯಲ್ಲಿ ಓಡುವುದು ನಿಂತುಹೋಯಿತಲ್ಲ, ಅದಕ್ಕೆ ಕಾರಣರಾದವರ ಮೇಲೆ. ಅವರು ಬೆಸಗರಹಳ್ಳಿ ಬೀದಿಯಲ್ಲಿ ಎದುರಿಗೆ ಸಿಕ್ಕಿ, "ಚೆನ್ನಾಗಿದ್ದೀರಾ ಮೇಡಮ್ಮೋರೆ" ಅನ್ನುತ್ತಾರೆ. ನಾನೂ ಹಲ್ಲು ಬಿಟ್ಟು "ಚೆನ್ನಾಗಿದ್ದೀನಿ" ಅನ್ನುತ್ತೇನೆ. ಆಮೇಲೆ ಕ್ಲಾಸಿಗೆ ಹೋಗಿ ಏನೂ ಮಾಡದ ಮಕ್ಕಳ ಮೇಲೆ ರೇಗುತ್ತೇನೆ.

ನಾನು ಬೆಸಗರಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಹೆಸರು ಪ್ರಿಯಂವದಾ, ಮನೆ ಮದ್ದೂರು ಕೋಟೆಯಲ್ಲಿ. ಬೇರೆಯವರ ಸಂಸಾರ ನಮಗೇಕೆ ಎನ್ನುತ್ತಲೇ ಊರಿನ ಸಂಸಾರವನ್ನೆಲ್ಲ ಮಾತಾಡಿ ಮುಗಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಹಿಂದಿನಿಂದ ಬಂದಿದೆ. ನಾನು ಅದನ್ನು ಕೈಬಿಡುವ ಪೈಕಿ ಅಲ್ಲ. ಈ ಕಥೆಯಲ್ಲಿ ಅರ್ಧ ನಾನೇ ಕಣ್ಣಾರೆ ಕಂಡದ್ದು, ಉಳಿದರ್ಧ ಚಲುವಮ್ಮನ ಬಾಯಿಂದ ಕೇಳಿದ್ದು. ಅವಳು ಸುಳ್ಳು ಹೇಳುವವಳಲ್ಲ. ಹೇಳಲು ಬಂದಿದ್ದರೆ ಅವಳಿಗೇ ಒಳ್ಳೆಯದಾಗುತ್ತಿತ್ತು.

ಚಲುವಮ್ಮ ಹುಟ್ಟಿದ್ದು ಬೆಸಗರಹಳ್ಳಿಯಲ್ಲಿ, ಮದುವೆಯಾಗಿ ಹೋದದ್ದು ಮಂಡ್ಯದ ಹತ್ತಿರದ ಹೊಳಲಿಗೆ. ಗಂಡ ಚಿಕ್ಕಣ್ಣ ಮಂಡ್ಯದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದ. ಕೆಲಸವಿಲ್ಲದ ದಿನ ಹೆಂಡತಿಯನ್ನು ನಾಲೆ ಏರಿಯ ಮೇಲೆ ಕರೆದುಕೊಂಡು ಹೋಗಿ ಸ್ಟೇರಿಂಗ್ ಕೊಡುತ್ತಿದ್ದನಂತೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. "ಎತ್ತಗೆ ಬಿದ್ರೂ ಮೆತ್ತಗೇ ಬೀಳ್ತೀಯ, ಓಡ್ಸು" ಎಂದು ನಗುತ್ತಿದ್ದನಂತೆ. ಅಂಥವನು ಒಂದು ಮಧ್ಯಾಹ್ನ ಎದೆನೋವು ಎಂದು ಮಲಗಿದವನು ಏಳಲಿಲ್ಲ. ಮಗ ಪುನೀತ್ ಇನ್ನೂ ಓದುತ್ತಿದ್ದ. ಎಲ್ಲರೂ ಕಾರು ಮಾರು ಎಂದರು.

ಮಾರಬೇಡ ಎಂದವನು ತಮ್ಮ ಶಿವರಾಜು ಒಬ್ಬನೇ. ತಿಥಿಗೆ ಬಂದಿದ್ದವನು ಎಲ್ಲರ ಮುಂದೆ ಅಕ್ಕನ ಕೈ ಹಿಡಿದುಕೊಂಡು, "ಊರ್ಗೆ ಬಾ ಅಕ್ಕ. ನಿನ್ ಕಾರು ನನ್ ಅಟ್ಟೀಲಿ ನಿಂತ್ಕಳ್ಳಿ. ನಾನಿರೋಗಂಟ ನಿಂಗೆ ತವ್ರಿಲ್ಲ ಅಂತ ಯಾವನ್ ಅಂದಾನು?" ಎಂದನಂತೆ. ಈ ಮಾತನ್ನು ಚಲುವಮ್ಮ ನಮಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಗೇರು ಬದಲಾಯಿಸುವಾಗ ಹೇಳುತ್ತಿದ್ದಳು, ರೈಲ್ವೆ ಗೇಟು ಹಾಕಿದಾಗ ಹೇಳುತ್ತಿದ್ದಳು, ನಾವು ನಮ್ಮ ಅಣ್ಣತಮ್ಮಂದಿರನ್ನು ಬೈದಾಗಲಂತೂ ತಪ್ಪದೆ ಹೇಳುತ್ತಿದ್ದಳು. ಹೊಳಲಿನ ಗದ್ದೆಯಾಗಲಿ ಕಾರಾಗಲಿ ಅವಳಿಗೆ ಎರಡನೆಯದು. ತಮ್ಮನ ಮನೆಯ ಹಟ್ಟಿಯೊಳಕ್ಕೆ ಕೇಳದೆ ಕಾಲಿಡಬಲ್ಲೆ ಎನ್ನುವುದೇ ಅವಳ ದೊಡ್ಡಸ್ತಿಕೆ. ಅದೊಂದಿದ್ದರೆ ಸಾಕು, ಉಳಿದದ್ದನ್ನು ಹೇಗೋ ದಬ್ಬುತ್ತೇನೆ ಎನ್ನುವ ಹೆಂಗಸು.

ಹಾಗೆ ಊರಿಗೆ ಬಂದವಳು ತಮ್ಮನ ಮನೆಯ ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಮನೆ ಮಾಡಿದಳು. ಬೆಳಗ್ಗೆ ಮದ್ದೂರಿಗೆ ಬಂದು ನಮ್ಮಂಥ ಮೇಷ್ಟರು ಮೇಡಮ್ಮುಗಳನ್ನು ತುಂಬಿಕೊಂಡು ಹೋಗುತ್ತಿದ್ದಳು, ಸಂಜೆ ತಂದು ಬಿಡುತ್ತಿದ್ದಳು. ನಡುವೆ ಯಾರಿಗಾದರೂ ಹೆರಿಗೆ ನೋವು ಬಂದರೆ ಮಂಡ್ಯದ ಆಸ್ಪತ್ರೆಗೆ ಓಟ. ಪುನೀತ್ ಓದು ಮುಗಿಸಿ ಹೊಳಲಿಗೆ ಹೋಗಿ ಅಪ್ಪನ ಗದ್ದೆ ನೋಡಿಕೊಳ್ಳತೊಡಗಿದ. ಕಾರು ಮಾತ್ರ ಶಿವರಾಜುವಿನ ಹಟ್ಟಿಯಲ್ಲಿ, ಹೊಂಗೆ ಮರದ ಕೆಳಗೆ, ಎತ್ತುಗಳ ಪಕ್ಕದಲ್ಲಿ ನಿಲ್ಲುತ್ತಿತ್ತು.

ಎತ್ತುಗಳ ಪಕ್ಕ ನಿಂತು ನಿಂತು ಅದಕ್ಕೂ ಎತ್ತಿನ ನಿಯಮವೇ ಬಂತು. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ, ಬಸವಣ್ಣನ ದಿನ. ಚಲುವಮ್ಮ ಕಾರಿಗೂ ಸೋಮವಾರ ರಜೆ ಕೊಟ್ಟಳು. ತೊಳೆದು, ಬಾನೆಟ್ಟಿಗೆ ವಿಭೂತಿ ಬಳಿದು, ಎತ್ತುಗಳಿಗೆ ಹೇಳುವ ಹಾಗೆ "ಸುಧಾರಿಸ್ಕೊ" ಎಂದು ಹೇಳಿ, ತಾನು ಬಸ್ಸು ಹತ್ತಿ ಹೊಳಲಿಗೆ ಮಗನನ್ನು ನೋಡಲು ಹೋಗುತ್ತಿದ್ದಳು. ಸೋಮವಾರ ಉಳುಮೆಗೆ ಆರು ಕಟ್ಟುವುದಿಲ್ಲವಾದ್ದರಿಂದ ಅವನೂ ಮನೆಯಲ್ಲೇ ಸಿಗುತ್ತಿದ್ದ. ಕಾರಿದ್ದೂ ಬಸ್ಸಿನಲ್ಲಿ ಹೋಗುತ್ತೀಯಲ್ಲ, ನಿನಗೇನು ಹುಚ್ಚೇ ಎಂದು ನಾನು ಕೇಳಿದರೆ, "ಅದ್ಕೂ ಜೀವ ಐತೆ ಮೇಡಮ್ಮೋರೆ" ಅನ್ನುತ್ತಿದ್ದಳು. ಸೋಮವಾರ ನಾವೂ ಬಸ್ಸಿಗೆ ಬೀಳುತ್ತಿದ್ದೆವು. ಕಾರಿಗೆ ಜೀವವಿದ್ದದ್ದಕ್ಕೆ ನಮಗೆ ದಂಡ.

ಕಾರಿನ ಬಾಗಿಲಿನ ಬೀಗಗಳು ಎಂದೋ ಕೆಟ್ಟುಹೋಗಿದ್ದವು, ಯಾರು ಬೇಕಾದರೂ ತೆಗೆದು ಕೂರಬಹುದಿತ್ತು. ಓಡಿಸಲು ಇದ್ದದ್ದು ಒಂದೇ ಕೀ. ಅದನ್ನವಳು ಸೊಂಟಕ್ಕೆ ಸಿಕ್ಕಿಸಿಕೊಂಡ ಎಲೆಯಡಿಕೆ ಚೀಲದಲ್ಲಿ ಇಡುತ್ತಿದ್ದಳು. ಎಲೆ, ಅಡಿಕೆ, ಹೊಗೆಸೊಪ್ಪು, ಸುಣ್ಣದ ಡಬ್ಬಿ, ಅದರ ಮಗ್ಗುಲಲ್ಲಿ ಕಾರಿನ ಕೀ. ಸುಣ್ಣದ ಡಬ್ಬಿಯ ಮುಚ್ಚಳವೋ, ಇದ್ದೂ ಇಲ್ಲದಂತೆ. ಕೀ ಯಾವಾಗಲೂ ಬೆಳ್ಳಗೆ ಬೂದಿ ಬಡಿದ ಹಾಗೇ ಇರುತ್ತಿತ್ತು. ಅದನ್ನು ಸೆರಗಿನಲ್ಲಿ ಒಂದು ಸಲ ಒರೆಸಿದ ಶಾಸ್ತ್ರ ಮಾಡಿ ತೂತಿಗೆ ತುರುಕುವಳು. ಸುಣ್ಣ ಒಳಗೆ ಹೋಗಿ ಗಟ್ಟಿಯಾಗುತ್ತದೆ ಎಂದು ನಾನು ಹೇಳಿದ್ದೆ. "ಸುಣ್ಣಕ್ಕೆ ಉಳ ಬರಲ್ಲ" ಎಂದು ನನಗೇ ವಿಜ್ಞಾನ ಹೇಳಿದ್ದಳು.

ಅವಳ ಆ ಚೀಲಕ್ಕೆ ಕೈ ಹಾಕುವ ಇನ್ನೊಂದು ಜೀವವೆಂದರೆ ಅವಳ ತಾಯಿ ಪಟ್ಟಲಮ್ಮ. ಮಗನ ಮನೆಯಲ್ಲಿರುವ ಮುದುಕಿ. ಸಂಜೆ ಕಾರು ಬಂದು ಹೊಂಗೆ ಮರದ ಕೆಳಗೆ ನಿಂತಿತೆಂದರೆ ಜಗುಲಿಯಿಂದಲೇ "ಚೀಲ ತತ್ತಾರವ್ವ" ಎನ್ನುವಳು. ತಾಯಿ ಮಗಳು ಒಂದೇ ಚೀಲದ ಎಲೆ ಹಾಕಿಕೊಂಡು ಕತ್ತಲಾಗುವವರೆಗೆ ಊರಿನ ಸೊಸೆಯಂದಿರನ್ನೆಲ್ಲ ವಿಚಾರಿಸಿಕೊಳ್ಳುವರು.

ಇನ್ನೊಂದು ವಿಷಯ ಹೇಳಲೇಬೇಕು. ಶಿವರಾಜುವಿಗೆ ಒಬ್ಬಳೇ ಮಗಳು, ದೀಪಿಕ. ಅವಳು ಹುಟ್ಟಿ ತೊಟ್ಟಿಲಿಗೆ ಹಾಕಿದ ದಿನ ಪಟ್ಟಲಮ್ಮ ಕೂಸನ್ನು ಎತ್ತಿ ಚಲುವಮ್ಮನ ಮಡಿಲಿಗೆ ಹಾಕಿ, "ತಗಳವ್ವ, ನಿನ್ ಸೊಸೆ" ಎಂದಿದ್ದಳು. ಸೋದರತ್ತೆಯ ಮಗನಿಗೆ ಹೆಣ್ಣು ಎನ್ನುವ ಮಾತು ಇವರಲ್ಲಿ ಹೊಸದೇನಲ್ಲ. ಪುನೀತನಿಗೆ ದೀಪಿಕ ಎಂದು ಇಡೀ ಊರು ಹೇಳಿಕೊಂಡೇ ಅವರಿಬ್ಬರನ್ನೂ ದೊಡ್ಡವರನ್ನಾಗಿ ಮಾಡಿತು. ಆದರೆ ಪುನೀತ್ ಈಚೆಗೆ ಒಂದು ಸೋಮವಾರ ಊಟಕ್ಕೆ ಕೂತಿದ್ದಾಗ ತಾಯಿಗೆ ನೇರವಾಗಿ ಹೇಳಿದನಂತೆ: "ಅವ್ವ, ಅವ್ಳು ನನ್ ಜೊತೇಲಿ ಮಣ್ಣಾಡ್ಕಂಡು ಬೆಳೆದೋಳು. ನಂಗೆ ತಂಗಿ ಇದ್ದಂಗೆ. ಆ ಮಾತು ಬುಟ್ಬುಡು." ಅಂದಿನಿಂದ ಚಲುವಮ್ಮನಿಗೆ ಅದೇ ಕೊರೆತ. ಮಗ ಒಲ್ಲೆ ಎಂದನೆಂದು ತಮ್ಮನಿಗೆ ಹೇಗೆ ಹೇಳುವುದು? ಅವನ ಮನಸ್ಸು ಮುರಿದರೆ? ಹಟ್ಟಿಯೊಳಕ್ಕೆ ಕಾಲಿಡುವ ಮುಖ ತನಗೆ ಉಳಿಯುವುದೇ? ಕಾರು ಓಡಿಸುತ್ತ ನನ್ನನ್ನು ಕೇಳುತ್ತಿದ್ದಳು. ಹೇಳಿಬಿಡು, ಮುಗಿದುಹೋಗಲಿ ಎಂದು ನಾನು ಅನ್ನುತ್ತಿದ್ದೆ. "ಇವತ್ತು ಬ್ಯಾಡ" ಎಂದು ಅವಳು ಮುಂದಕ್ಕೆ ಹಾಕುತ್ತಲೇ ಇದ್ದಳು.

ಆಗಲೇ ಕೆಲವು ಮಂಗಳವಾರಗಳಿಂದ ಕಾರಿನ ಹಿಂದಿನ ಸೀಟಿನಲ್ಲಿ ಕನಕಾಂಬರದ ಎಸಳು ಸಿಗುತ್ತಿದ್ದವು. ನಾನೇ ಹೆಕ್ಕಿ ತೋರಿಸಿ, "ನಿನ್ನ ಕಾರು ರಜೆಯ ದಿನ ಹೂ ಮುಡಿದುಕೊಂಡು ಎಲ್ಲಿಗೋ ಹೋಗಿ ಬರುತ್ತೆ" ಎಂದು ಗೇಲಿ ಮಾಡಿದ್ದೆ. ಅವಳು, ಹೆರಿಗೆಗೆ ಹೋದವರು ಯಾರೋ ಮುಡಿದಿದ್ದಿರಬೇಕು ಎಂದಳು. ಹೆರಿಗೆ ನೋವಿನಲ್ಲಿ ಕನಕಾಂಬರ ಮುಡಿಯುವ ಧೀರೆ ಯಾರಪ್ಪಾ ಎಂದು ನಾನು ನಕ್ಕೆ, ಅವಳೂ ನಕ್ಕಳು. ಪೆಟ್ರೋಲ್ ಮುಳ್ಳು ಇಳಿದಿದ್ದರೂ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಆ ಮುಳ್ಳು ನಿಜ ಹೇಳಿ ಎಷ್ಟೋ ಕಾಲವಾಗಿತ್ತು.

ಕೀ ಮುರಿದದ್ದು ಶಿವಪುರದಲ್ಲಿ. ಸತ್ಯಾಗ್ರಹ ಸೌಧದ ಮುಂದೆ ನಮ್ಮ ಗಣಿತದ ಮೇಡಂ ಹತ್ತುತ್ತಿದ್ದರು. ಅವರಿಗಾಗಿ ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗಲಿಲ್ಲ. ಚಲುವಮ್ಮ ತಿರುಗಿಸಿದಳು, ಬೈದಳು, ಇನ್ನೂ ಜೋರಾಗಿ ತಿರುಗಿಸಿದಳು. ಟಕ್ ಎಂದಿತು. ಅವಳ ಕೈಯಲ್ಲಿ ಕೀಯ ತಲೆ ಮಾತ್ರ ಉಳಿದಿತ್ತು.

"ಅಯ್ಯೋ ನನ್ ಸಿವನೆ" ಎಂದು ಅದನ್ನೇ ನೋಡುತ್ತ ಕೂತಳು. ಉಳಿದವರು ಬಸ್ಸು ಹಿಡಿದು ಹೋದರು. ನಾನು ಹೆಡ್‌ಮಾಸ್ಟರಿಗೆ ಫೋನು ಮಾಡಿ, ಅವರ ಗೊಣಗಾಟ ಕೇಳಿಸಿಕೊಂಡು, ಅಲ್ಲೇ ಉಳಿದೆ. ಅವಳನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಚಲುವಮ್ಮ ಮದ್ದೂರಿನ ಕೀ ರಿಪೇರಿ ಸಂತೋಷ್‌ಗೆ ಫೋನು ಮಾಡಿದಳು. ಅವನು ತನ್ನ ಸ್ಕೂಟರಿನಲ್ಲಿ ಅರ, ಇಕ್ಕಳ, ಸಣ್ಣ ಹಿಡಿಕೆ ಯಂತ್ರ ಎಲ್ಲ ತುಂಬಿಕೊಂಡು ಬಂದ. ಕೈಗಿಂತ ಬಾಯಿ ಚುರುಕಾದ ಮನುಷ್ಯ. ಬಗ್ಗಿ ತೂತಿಗೆ ಟಾರ್ಚು ಬಿಟ್ಟು ನೋಡಿ ಕೂಗಿದ.

"ಎಲೆಯಡಿಕೆ ಆಕೋದು ನೀನೋ ನಿನ್ ಕಾರೋ ಅಕ್ಕ? ಒಳಗೆಲ್ಲ ಸುಣ್ಣ ಗಾರೆ ಆಗೋಗದೆ!"

ತೆಳ್ಳನೆಯ ಗರಗಸದ ತುಂಡನ್ನು ತೂರಿಸಿ, ಎಣ್ಣೆ ಬಿಟ್ಟು, ಕೆರೆದು ಕೆರೆದು ಮುರಿದ ಚೂರನ್ನು ಈಚೆಗೆ ತೆಗೆದ. ಎರಡು ತುಂಡನ್ನೂ ಜೋಡಿಸಿ ಹಿಡಿದು ಬೆಳಕಿಗೆ ನೋಡಿದ. ಹೊಸ ಕಾರಾಗಿದ್ದರೆ ಕೀಯೊಳಗೆ ಏನೇನೋ ಚಿಪ್ಪು ಇರುತ್ತದೆ, ಕಂಪನಿಯವರೇ ಬರಬೇಕು; ಹಳೆಯದಾದ್ದರಿಂದ ಅರ ಹಾಕಿ ನಾನೇ ಮಾಡುತ್ತೇನೆ ಎಂದು ನನಗೆ ವಿವರಿಸಿದ. ಆಮೇಲೆ ಅವಳ ಕಡೆ ತಿರುಗಿ ಸಲೀಸಾಗಿ ಅಂದ: "ಆ ಇನ್ನೊಂದು ಕೀ ತರ್ಸ್ಕೊಂಡಿದ್ರೆ ಇಷ್ಟೆಲ್ಲ ಯಾಕ್ ಬೇಕಿತ್ತು?"

"ಯಾವ್ ಇನ್ನೊಂದು?"

"ಅದೇ, ನಿಮ್ ತಮ್ಮ ಸಿವರಾಜಣ್ಣ ಮಾಡ್ಸ್ಕಂಡ್ ಓದ್ರಲ್ಲ, ಶ್ರಾವಣದಾಗೆ. ಆ ಕೀನೂ ಇಂಗೇ ಸುಣ್ಣ ಮೆತ್ಕಂಡಿತ್ತು. ತೊಳ್ದು ಮಾಡ್ಕೊಟ್ಟೆ."

ನಾನೇ ಬಾಯಿ ಹಾಕಿದೆ. ಕಾರಿನ ಒಡತಿಯನ್ನು ಕೇಳದೆ ಯಾರು ಬಂದರೂ ಕೀ ಮಾಡಿಕೊಡುತ್ತೀಯೇನಯ್ಯಾ ಎಂದೆ. ಅವನಿಗೆ ಕೋಪ ಬಂತು.

"ಯಾರೋ ಬಂದಿದ್ರೆ ಮಾಡ್ಕೊಡ್ತಿದ್ನಾ ಮೇಡಂ? ಅವ್ವಾರೂ ಜೊತೇಲಿ ಬಂದಿದ್ರು. ಪಟ್ಟಲಮ್ಮೋರು. ಎತ್ತಮ್ಮನೇ ಬಂದು ಕೀ ತೆಗ್ದು ಕೊಟ್ಮೇಲೆ ನಾನೇನಂತ ಅನುಮಾನ ಪಡ್ಲಿ?"

ಚಲುವಮ್ಮನ ಕೈ ಸೊಂಟದ ಚೀಲದ ಮೇಲೆ ಹೋಯಿತು. ಅದನ್ನು ಹಾಗೇ ಹಿಡಿದುಕೊಂಡು ನಿಂತಳು. ನನಗೂ ಅರ್ಥವಾಯಿತು, ಅವಳಿಗೂ ಅರ್ಥವಾಯಿತು. ಆ ಚೀಲಕ್ಕೆ ಕೈ ಹಾಕಬಲ್ಲವರು ಇನ್ನಾರೂ ಇರಲಿಲ್ಲ. ಒಂದು ಭಾನುವಾರದ ಸಂಜೆಯೇ ಇರಬೇಕು, ಜಗುಲಿಯ ಮೇಲೆ ಕೂತು, ಎಲೆ ಮಡಿಸಿಕೊಡುತ್ತ, ಮಗಳ ಮಡಿಲ ಪಕ್ಕದಿಂದಲೇ ಕೀ ತೆಗೆದಿಟ್ಟುಕೊಂಡಿದ್ದಾಳೆ. ಮರುದಿನ ಮಗಳು ಹೊಳಲಿಗೆ ಹೋದಾಗ ಕೆಲಸ ಮುಗಿಸಿ, ಸಂಜೆ ಮತ್ತೆ ಅಲ್ಲೇ ಇಟ್ಟಿದ್ದಾಳೆ. ನನ್ನ ಮೈಯೆಲ್ಲ ಉರಿದುಹೋಯಿತು.

ಆದರೆ ಚಲುವಮ್ಮ ಮೊದಲು ಮಾಡಿದ್ದು ಅವರ ಪರ ವಕೀಲಿ. ಎಂದಾದರೂ ಬೇಕಾದೀತೆಂದು ತಮ್ಮ ಮಾಡಿಸಿಟ್ಟಿರಬೇಕು, ತಾನು ಮರೆಗುಳಿಯೆಂದು ಅವ್ವನಿಗೆ ಭಯವಿರಬೇಕು, ಹೇಳಲು ಮರೆತಿರಬೇಕು ಎಂದೆಲ್ಲ ನನಗೆ ಹೇಳಿದಳು. ನಾನು ಕನಕಾಂಬರದ ನೆನಪು ಮಾಡಿದೆ. ವಕೀಲಿ ಅಲ್ಲಿಗೆ ನಿಂತಿತು. ಸಂತೋಷ್ ಅರ ಹಾಕುತ್ತಲೇ ಇದ್ದ. ಕೊನೆಗೆ ಹೊಸ ಕೀ ತಿರುಗಿ ಕಾರು ಸ್ಟಾರ್ಟ್ ಆದಾಗ ಅವಳು ಅವನಿಗೆ ಹೇಳಿದಳು: "ಇದು ಸದ್ಯಕ್ಕಿರ್ಲಿ. ಬೀಗನೇ ಬದ್ಲಾಯ್ಸ್ಬೇಕು ಕಣಪ್ಪ. ಪೂರ್ತಿ ಬ್ಯಾರೇದು."

"ಅದು ಮಂಡ್ಯದ ಗುಜ್ರಿಯಿಂದ ತರ್ಸ್ಬೇಕಕ್ಕ."

"ತರ್ಸು. ಯಾರ್ಗೂ ಯೋಳ್ಬ್ಯಾಡ."

ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ. ನೇರ ಹೋಗಿ ತಮ್ಮನ ಕೊರಳಪಟ್ಟಿ ಹಿಡಿದು ಕೇಳುವುದು ಬಿಟ್ಟು ಇದೆಂಥ ಕಳ್ಳಾಟ ನಿನ್ನದು ಎಂದೆ. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಕೇಳುದ್ರೆ ಸುಳ್ಳೇಳ್ತಾನೆ ಮೇಡಮ್ಮೋರೆ. ಅವನ್ ಬಾಯಲ್ಲಿ ಸುಳ್ಳು ಕೇಳಕ್ಕೆ ನನ್ ಕೈಲಾಗಲ್ಲ."

ಶನಿವಾರ ಬೀಗ ಬದಲಾಯಿತು. ಹೊಸ ಕೀಯನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿ ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು. ಸಂಜೆ ಪಟ್ಟಲಮ್ಮ ಚೀಲ ಕೇಳಿದಾಗ ಎಂದಿನಂತೆ ಕೊಟ್ಟಳಂತೆ. ತಾಯಿ ಎಲೆಗೆ ಸುಣ್ಣ ಸವರುವುದನ್ನು ನೋಡುತ್ತ ಕೂತಿದ್ದಳಂತೆ. ಈ ಕೈ ಹಾಗೆ ಮಾಡಿರಲಾರದು ಎಂದು ಆಗಲೂ ಅನ್ನಿಸಿತಂತೆ. ಇದನ್ನು ಹೇಳುವಾಗ ಅವಳು ಅತ್ತಳು, ನಾನೂ ಅತ್ತೆ.

ಸೋಮವಾರ ಬಂತು. ಕಾರು ತೊಳೆದು ವಿಭೂತಿ ಬಳಿದು, ಚೀಲ ಹಿಡಿದು, "ಓಗ್ಬತ್ತೀನಿ ಕಣವ್ವ" ಎಂದು ಹೇಳಿ ಬಸ್‌ಸ್ಟಾಂಡಿಗೆ ಹೋದಳು. ಬಸ್ಸು ಹತ್ತಲಿಲ್ಲ. ಸ್ಟಾಂಡಿನ ಹಿಂದೆ ಹಿಟ್ಟಿನ ಗಿರಣಿ ಇದೆ, ಅದರ ಕಟ್ಟೆಯ ಮೇಲೆ ಕೂತರೆ ಶಿವರಾಜುವಿನ ಹಟ್ಟಿ ಕಾಣುತ್ತದೆ. ಅಲ್ಲಿ ಕೂತಳು. ಯಾರೂ ಬರದಿರಲಿ ಎಂದು ಹರಸಿಕೊಂಡಳಂತೆ. ಯಾರೂ ಬಾರದಿದ್ದರೆ ಆ ಸಂಜೆಯೇ ಹೊಸ ಕೀಯದೊಂದು ಜೋಡಿ ಮಾಡಿಸಿ ತಾನಾಗಿಯೇ ತಮ್ಮನ ಕೈಗೆ ಕೊಡುವುದೆಂದು ಮನಸ್ಸಿನಲ್ಲೇ ಹೇಳಿಕೊಂಡಳಂತೆ.

ಬಸ್ಸು ಊರು ದಾಟಿದ ಸದ್ದು ಅಡಗಿತೋ ಇಲ್ಲವೋ, ಅವರು ಬಂದರು. ಪಂಚಾಂಗ ನೋಡಿಯಲ್ಲ, ಅವಳ ಬಸ್ಸು ನೋಡಿ ಮುಹೂರ್ತ ಇಟ್ಟುಕೊಂಡಿದ್ದ ಜನ. ಶಿವರಾಜು ಬಿಳಿ ಪಂಚೆ, ಬಿಳಿ ಶರಟು. ಅವನ ಹೆಂಡತಿ ರೂಪಳ ಕೈಯಲ್ಲಿ ತಟ್ಟೆ, ಅದರಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಹಣ್ಣು. ದೀಪಿಕ ರೇಷ್ಮೆ ಸೀರೆಯಲ್ಲಿ, ಜಡೆಗೆ ಕನಕಾಂಬರ. ಪಟ್ಟಲಮ್ಮ ಎಲ್ಲರಿಗಿಂತ ಮೊದಲು ಹಿಂದಿನ ಬಾಗಿಲು ತೆಗೆದು ಅಭ್ಯಾಸವಾದವಳ ಹಾಗೆ ಕಿಟಕಿ ಪಕ್ಕ ಕೂತಳು. ಶಿವರಾಜು ಸ್ಟೇರಿಂಗ್ ಮುಂದೆ ಕೂತು ಜೇಬಿನಿಂದ ಕೀ ತೆಗೆದು ಹಾಕಿದ. ಅದು ಅರ್ಧ ಹೋಗಿ ನಿಂತಿತು. ತೆಗೆದು, ಊದಿ, ಮತ್ತೆ ಹಾಕಿದ. ತಿವಿದ. ಇಳಿದು ಬಗ್ಗಿ ನೋಡಿದ. ಎದ್ದು ನಿಂತಾಗ ಅಕ್ಕ ಬಾನೆಟ್ಟಿನ ಪಕ್ಕ ನಿಂತಿದ್ದಳು.

ಎತ್ತುಗಳು ಮೆಲುಕು ಹಾಕುತ್ತಿದ್ದವು. ಚಲುವಮ್ಮ ಸೆರಗಿನ ಗಂಟು ಬಿಚ್ಚಿದಳು. "ಆಚೀಕ್ ಜರುಗ್ಲಾ. ನಾನ್ ಓಡ್ಸ್ತೀನಿ. ಎಲ್ಗೆ?"

"ಮಳವಳ್ಳಿಗೆ" ಎಂದ ಶಿವರಾಜು.

ನನ್ನ ಕೇಳಿದರೆ ಅಲ್ಲೇ ಎಲ್ಲರನ್ನೂ ಕೆಳಗಿಳಿಸಿ ಕಾರು ತೆಗೆದುಕೊಂಡು ಹೋಗಬೇಕಿತ್ತು. ಅವಳು ಸ್ಟಾರ್ಟ್ ಮಾಡಿದಳು, ಅದೂ ಸೋಮವಾರ. ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ತಿರುಗಿಸಿದಳು. ಆಮೇಲೆ ಅವಳು ಕನ್ನಡಿಯಲ್ಲಿ ನೋಡುತ್ತ, "ದೀಪಿ, ಉಡ್ಗ ನಿಂಗೊಪ್ಗೆನಾ?" ಎಂದು ಕೇಳಿದಳು. ಹುಡುಗಿ ಹೌದೆಂದು ತಲೆಯಾಡಿಸಿ ಅಳತೊಡಗಿತು. ಶಿವರಾಜು ಆಗ ಬಾಯಿ ಬಿಟ್ಟ. ಮಳವಳ್ಳಿಯಲ್ಲಿ ಗೊಬ್ಬರದಂಗಡಿ ಇರುವ ಮನೆ, ಒಬ್ಬನೇ ಮಗ, ಬಸ್ಸಿನಲ್ಲಿ ಹೋಗಿ ಇಳಿದರೆ ಬೆಲೆ ಇರುವುದಿಲ್ಲ, ಮಾತುಕತೆ ಎಲ್ಲ ಮುಗಿದಿದೆ, ಇವತ್ತು ವೀಳ್ಯ ಬದಲಾಯಿಸುವ ಶಾಸ್ತ್ರ ಎಂದೆಲ್ಲ ತಡವರಿಸಿದ.

"ಪುನೀತಂಗೆ ಕೊಡ್ನಿಲ್ಲ ಅಂತ ನೀನು ರಂಪ ಮಾಡ್ತೀಯ ಅಂದ್ಕಂಡೋ ಕಣಕ್ಕ."

ಚಲುವಮ್ಮ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು. ಕಬ್ಬು ತುಂಬಿದ ಟ್ರಾಕ್ಟರುಗಳು ಪಕ್ಕದಲ್ಲಿ ಹೋಗುತ್ತಿದ್ದವು.

"ಪುನೀತನೇ ಒಲ್ಲೆ ಅಂದವ್ನೆ ಕಣ್ಲಾ! ಅವ್ಳು ತಂಗಿ ಇದ್ದಂಗೆ ಅಂದ. ಅದ್ನ ನಿಂಗೆ ಎಂಗಪ್ಪ ಯೋಳದು ಅಂತ ನಾನು ಎದ್ರುಕೊಂಡು ಸಾಯ್ತಿದ್ದೆ. ಒಂದ್ ಮಾತು ಕೇಳಿದ್ರೆ ನಾನೇ ಕರ್ಕೊಂಡ್ ಬರ್ತಿರ್ನಿಲ್ವ? ನನ್ ತಾವ ಕದ್ಕಬೇಕಿತ್ತೇನ್ಲಾ?"

ಶಿವರಾಜು ಮುಖ ಮುಚ್ಚಿಕೊಂಡ. ರೂಪ "ತಪ್ಪಾಯ್ತು ಅತ್ಗೆ" ಎಂದಳು. ದೀಪಿಕ ಹಿಂದಿನಿಂದ ಅತ್ತೆಯ ಕುತ್ತಿಗೆ ತಬ್ಬಿಕೊಂಡಿತು. ಪಟ್ಟಲಮ್ಮ ಮಾತ್ರ ಕಿಟಕಿಯ ಆಚೆ ನೋಡುತ್ತಿದ್ದಳು. ಚಲುವಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಎರಡು ಕಡೆಯೂ ಒಂದೇ ಭಯ, ಅದಕ್ಕೆ ಇಷ್ಟೆಲ್ಲ ಆಯಿತು ಎಂದುಕೊಂಡಳು. ಕೀ ಕದ್ದದ್ದನ್ನು ಅಲ್ಲೇ, ಆ ಕಬ್ಬಿನ ಗಾಡಿಗಳ ಧೂಳಿನಲ್ಲೇ ಕ್ಷಮಿಸಿಬಿಟ್ಟಳು. ಇಷ್ಟು ಬೇಗ ಕ್ಷಮಿಸುವ ಜನರನ್ನು ಕಂಡರೆ ನನಗೆ ಭಯ. ಆಮೇಲೆ ಬೀಳುವ ಏಟಿಗೆ ಅವರು ಏನನ್ನೂ ಅಡ್ಡ ಇಟ್ಟುಕೊಂಡಿರುವುದಿಲ್ಲ.

ಕೆ.ಎಂ. ದೊಡ್ಡಿಯಲ್ಲಿ ಅವಳೇ ಕಾರು ನಿಲ್ಲಿಸಿದಳು. ಸೋದರತ್ತೆ ಬರಿಗೈಯಲ್ಲಿ ಹೋಗುವುದೇ? ಮಲ್ಲಿಗೆ ಹೂ, ಹಸಿರು ಬಳೆ, ಬುಟ್ಟಿ ತುಂಬ ಕಿತ್ತಳೆ ಕೊಂಡಳು. ಅಂಗಡಿಯ ಕನ್ನಡಿಯಲ್ಲಿ ತಲೆ ಸರಿ ಮಾಡಿಕೊಂಡು, ಮಾಸಲು ಸೀರೆಯಲ್ಲಿ ಬಂದೆನಲ್ಲ ಎಂದು ಪೇಚಾಡಿದಳು. ತಾಳಿಯಿಲ್ಲದವಳು ಶಾಸ್ತ್ರಕ್ಕೆ ಕೈ ಹಾಕುವುದಿಲ್ಲ, ಹಿಂದೆ ನಿಂತಿರುತ್ತೇನೆ, ಹೂವನ್ನು ರೂಪಳ ಕೈಯಲ್ಲೇ ಮುಡಿಸುತ್ತೇನೆ ಎಂದು ತಾನೇ ಅವರಿಗೆ ಸಮಾಧಾನ ಹೇಳಿದಳು. ಶಿವರಾಜು ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದನಂತೆ. ಅವಳು ಅದನ್ನು ನೋಡಿದಳು. ನಾಚಿಕೆಗೆ ಇರಬೇಕು ಎಂದುಕೊಂಡಳು.

ಮಳವಳ್ಳಿಯ ಆ ಮನೆಯ ಮುಂದೆ ಚಪ್ಪರ ಹಾಕಿದ್ದರು. ಗಂಡಿನ ತಂದೆ, ತಾಯಿ, ನಾಲ್ಕಾರು ಹಿರಿಯರು ಬಾಗಿಲಿಗೇ ಬಂದಿದ್ದರು. ಎಲ್ಲರೂ ಇಳಿದರು. ಚಲುವಮ್ಮ ಕಾರು ನೆರಳಿಗೆ ನಿಲ್ಲಿಸಿ, ಹೂವು ಬಳೆ ಇದ್ದ ಬುಟ್ಟಿ ಹಿಡಿದುಕೊಂಡು ನಗುನಗುತ್ತ ಮೆಟ್ಟಿಲ ಹತ್ತಿರ ಬಂದಳು. ಗಂಡಿನ ತಂದೆ ಅವಳನ್ನೂ ಪಟ್ಟಲಮ್ಮನನ್ನೂ ಬದಲಿಸಿ ಬದಲಿಸಿ ನೋಡಿದ. ಮೂಗು, ಗಲ್ಲ, ಇಬ್ಬರದೂ ಒಂದೇ ಅಚ್ಚು. ಕುರುಡನೂ ಹೇಳಿಯಾನು.

"ಇವ್ರು ಯಾರು ಸಿವರಾಜಪ್ಪೋರೆ? ನಿಮ್ಗೆ ಅಕ್ಕ ತಂಗೀರು ಯಾರೂ ಇಲ್ಲ ಅಂದಿದ್ರಿ?"

ಆ ಮನೆಯವರಿಗೆ ಅದು ಮುಖ್ಯವಾಗಿತ್ತು. ಅವರ ನೆಂಟರಲ್ಲಿ ಹಿಂದೊಂದು ಮದುವೆಯಲ್ಲಿ ಹೆಣ್ಣಿನ ಸೋದರತ್ತೆ ಛತ್ರಕ್ಕೇ ಬಂದು, ಈ ಹುಡುಗಿ ನನ್ನ ಮಗನಿಗೆ ಮಾತು ಕೊಟ್ಟ ಹೆಣ್ಣು ಎಂದು ಧಾರೆ ನಿಲ್ಲಿಸಿದ್ದಳಂತೆ. ಸೋದರತ್ತೆ ಇರುವ ಮನೆಯ ಹೆಣ್ಣೇ ಬೇಡ ಎಂದು ಹೇಳಿ ಮೊದಲ ದಿನವೇ ವಿಚಾರಿಸಿದ್ದರು. ಇಲ್ಲ ಎಂದು ಇವರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಇದೆಲ್ಲ ಚಲುವಮ್ಮನಿಗೆ ಆಮೇಲೆ ಗೊತ್ತಾದದ್ದು. ಆಗ ಅವಳಿಗೆ ಕೇಳಿಸಿದ್ದು "ಯಾರೂ ಇಲ್ಲ ಅಂದಿದ್ರಿ" ಎನ್ನುವ ಮಾತಷ್ಟೇ. ಅವಳು ತಮ್ಮನ ಮುಖ ನೋಡಿದಳು. ಅವನು ತನ್ನ ಚಪ್ಪಲಿ ನೋಡುತ್ತಿದ್ದ.

ಉತ್ತರ ಹೇಳಿದವಳು ಪಟ್ಟಲಮ್ಮ. "ಅವ್ಳಾ? ಕಾರೋಡ್ಸೋ ಎಂಗ್ಸು. ಬಾಡ್ಗೆಗೆ ಕರ್ಕಂಡ್ ಬಂದೋ. ನಾನ್ ಎತ್ತಿದ್ದು ಇವನೊಬ್ನೇ ಕಣಪ್ಪ."

ತಾಯಿಯ ದನಿ ಒಂದಿಷ್ಟೂ ನಡುಗಲಿಲ್ಲವಂತೆ. ಚಲುವಮ್ಮ ಇದನ್ನು ನನಗೆ ಹೇಳುವಾಗ ಆ ಮಾತನ್ನು ಎರಡು ಸಲ ಹೇಳಿದಳು, ಮೊದಲ ಸಲ ತಾನೇ ನಂಬಲಿಲ್ಲವೇನೋ ಎಂಬ ಹಾಗೆ.

ಅವಳು ಬಾಯಿ ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದೇ ಮಾತು ಸಾಕಿತ್ತು. ನಾನಾಗಿದ್ದರೆ ಹತ್ತು ಮಾತಾಡುತ್ತಿದ್ದೆ, ಮಳವಳ್ಳಿ ಪೇಟೆಗೇ ಕೇಳಿಸುತ್ತಿತ್ತು. ಆದರೆ ದೀಪಿಕ ಮೆಟ್ಟಿಲ ಮೇಲೆ ನಿಂತು ಅತ್ತೆಯನ್ನೇ ನೋಡುತ್ತಿತ್ತು, ಮುಖ ಬಿಳಿಚಿಕೊಂಡು. ಚಲುವಮ್ಮ ಬುಟ್ಟಿಯನ್ನು ರೂಪಳ ಕೈಗೆ ಕೊಟ್ಟಳು. "ಕಾರಲ್ಲೇ ಬುಟ್ಟಿದ್ರಿ ಅಮ್ಮೋರೆ, ತಗಳಿ" ಎಂದಳು. ತಿರುಗಿ ನಡೆದು ಕಾರಿನಲ್ಲಿ ಕೂತಳು.

ಒಳಗೆ ಶಾಸ್ತ್ರ ನಡೆಯಿತು. ಮಂತ್ರ ಕೇಳಿಸಿತು, ನಗು ಕೇಳಿಸಿತು. ಮಧ್ಯಾಹ್ನವಾದ ಮೇಲೆ ಗಂಡಿನ ತಾಯಿ ತಾನೇ ಎಲೆ ಹಿಡಿದು ಹೊರಗೆ ಬಂದಳು. ಒಳ್ಳೆಯ ಹೆಂಗಸು, ಡ್ರೈವರ್ ಎಂದು ಯಾರ ಕೈಯಲ್ಲೋ ಕಳಿಸದೆ ಚಪ್ಪರದ ಕಂಬದ ಹತ್ತಿರ ಎಲೆ ಹಾಕಿ, ಕೂರಿಸಿ, ಬಡಿಸಿದಳು. ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಹೆಣ್ಣಾಗಿ ಕಾರು ಓಡಿಸುತ್ತೀಯಲ್ಲ, ಮೆಚ್ಚಬೇಕು ಎಂದಳು. ಆಮೇಲೆ ನಮ್ಮ ಕಡೆಯ ಹೆಂಗಸರು ಯಾರನ್ನು ಕಂಡರೂ ಮೊದಲು ಕೇಳುವುದನ್ನೇ ಕೇಳಿದಳು.

"ನಿನ್ ತವ್ರು ಯಾವೂರವ್ವ?"

ಚಲುವಮ್ಮ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು.

"ನಂಗೆ ತವ್ರಿಲ್ಲ ಕಣವ್ವ" ಎಂದಳು.

ಆ ತಾಯಿ "ಅಯ್ಯೋ ಪಾಪ" ಎಂದು ಎದ್ದು ಒಳಗೆ ಹೋಗಿ, ಇನ್ನೊಂದು ಒಬ್ಬಟ್ಟು ತಂದು ಮೇಲೆ ತುಪ್ಪ ಹಾಕಿದಳಂತೆ.